ಹಿಮದ ಹಾದಿಯೂ ಚಿತ್ರತುರಗವೂ

ಛಾಯಾಚಿತ್ರವು ಯಂತ್ರದ ಕೆಲಸ, ಅದರಲ್ಲಿ ರಸವನ್ನರಸುವುದು ಮರಳನ್ನು ಹಿಂಡಿ ಎಣ್ಣೆ ತೆಗೆದಂತೆ ಎಂಬ ಮಾತು ವಿದ್ವಾಂಸರಲ್ಲಿ ಅಪರೂಪವಲ್ಲ. ಇದನ್ನು ಒರೆಗೆ ಹಚ್ಚಲು ಅಮೆರಿಕದ ಆಲ್‌ಫ್ರೆಡ್ ಸ್ಟೀಗ್ಲಿಟ್ಸನು 1893ರ ಫೆಬ್ರವರಿ 22ರಂದು ನ್ಯೂಯಾರ್ಕಿನ ಐದನೆಯ ಅವೆನ್ಯೂ ಎಂಬ ರಾಜಬೀದಿಯಲ್ಲಿ ತೆಗೆದ ಕಪ್ಪುಬಿಳುಪಿನ ಚಿತ್ರವೊಂದೇ ಸಾಕು. ಸುರಿಯುವ ಹಿಮ, ಮಸುಕಾದ ಮನೆಗಳ ಸಾಲು, ನಡುವೆ ನೋಡುವವರ ಕಡೆಗೇ ಬರುತ್ತಿರುವ ಕುದುರೆಗಾಡಿ, ಚಾಟಿಯೆತ್ತಿದ ಸಾರಥಿ: ಚಿತ್ರದಲ್ಲಿರುವುದು ಇಷ್ಟೆ.

ದುದ್ದದ ಹೋಬಳಿಯ ರೈತನು ಹಿಮವನ್ನು ಕಂಡವನಲ್ಲ. ಅವನ ಚಳಿಗಾಲವೆಂದರೆ ಧನುರ್ಮಾಸದ ಮಂಜು, ಅವರೆಯ ಹೂವಿನ ಮೇಲಣ ಇಬ್ಬನಿ, ರಾಗಿಯ ಮೆದೆಯ ಮಗ್ಗುಲಲ್ಲಿ ಹೊದ್ದ ಕಂಬಳಿ. ಆದರೂ ಈ ಚಿತ್ರವು ಅವನಿಗೆ ಪರಕೀಯವಾಗುವುದಿಲ್ಲ. ಅದಕ್ಕೆ ಕಾರಣ ಮುಂಭಾಗದಲ್ಲಿ ಕಪ್ಪಾಗಿ ಹರಿದಿರುವ ಗಾಡಿಯ ಜಾಡು. ಮಳೆಗಾಲದ ಕೆಸರಿನಲ್ಲಿ ಅಚ್ಚಿನವರೆಗೆ ಹೂತ ಗಾಡಿಗೆ ಹೆಗಲು ಕೊಟ್ಟವನು ಆ ಜಾಡನ್ನು ಕಂಡೊಡನೆ ಅದರ ಭಾರವನ್ನು ಅರಿಯುತ್ತಾನೆ. ಹಿಮದ ಸೊಬಗನ್ನೇ ಹೊಗಳುವವರು ಇಲ್ಲಿ ಎಡವುತ್ತಾರೆ. ಹಿಮವು ಉದ್ದೀಪನ ಮಾತ್ರ. ಆಲಂಬನವೆಂದರೆ ಎಳೆಯುವ ಕುದುರೆಗಳೂ ನಡೆಸುವ ಮನುಷ್ಯನೂ.

ಶ್ರೀಶಂಕುಕನ ಚಿತ್ರತುರಗನ್ಯಾಯವನ್ನು ಬಲ್ಲವರು ಆಕ್ಷೇಪಿಸಬಹುದು: ಬರೆದ ಕುದುರೆಯು ಚಿತ್ರಕಾರನ ಸೃಷ್ಟಿ, ಇದಾದರೋ ಅಂದು ಬೀದಿಯಲ್ಲಿ ನಿಜವಾಗಿ ನಡೆದ ಕುದುರೆ, ಇದರಲ್ಲಿ ಕಲೆಗಾರನದೇನು? ಆಕ್ಷೇಪವು ಹಗುರವಾದುದಲ್ಲ. ಆದರೆ ಆತನು ಆ ಬಿರುಗಾಳಿಯಲ್ಲಿ ಮೂರು ಗಂಟೆಗಳ ಕಾಲ ಕಾದು ನಿಂತನು, ಈ ಒಂದು ಕ್ಷಣಕ್ಕಾಗಿ. ಬಳಿಕ ಅಚ್ಚು ತೆಗೆಯುವಾಗ ಗಾಜಿನ ಫಲಕದಲ್ಲಿ ಮೂಡಿದ್ದ ಅಗಲವಾದ ಬೀದಿಯ ಬಹುಭಾಗವನ್ನು ಕತ್ತರಿಸಿಬಿಟ್ಟನು. ಕಾಯುವುದೂ ತ್ಯಜಿಸುವುದೂ ಯಂತ್ರಕ್ಕೆ ತಿಳಿಯದ ವಿದ್ಯೆಗಳು. ಕತ್ತರಿಸಿದ್ದನ್ನು ಮೋಸವೆನ್ನುವವರು ಭಾರತದ ಶಕುಂತಲೋಪಾಖ್ಯಾನವನ್ನು ತನಗೆ ಬೇಕಾದಂತೆ ತಿದ್ದಿಕೊಂಡ ಕಾಳಿದಾಸನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಬೇಕಾದೀತು.

ರಸವಾವುದೆಂಬುದೇ ಕಠಿನವಾದ ಪ್ರಶ್ನೆ. ಬಿರುಗಾಳಿಗೆ ಎದೆಗೊಟ್ಟ ಉತ್ಸಾಹವೇ ಸ್ಥಾಯಿಯೆಂದು ವೀರವನ್ನು ಹೇಳುವುದು ಸುಲಭ. ಎತ್ತಿದ ಆ ಚಾಟಿಯು ಅದಕ್ಕೆ ಅಡ್ಡಬರುತ್ತದೆ. ಉತ್ಸಾಹ ಸಾರಥಿಯದು, ಶ್ರಮ ಕುದುರೆಗಳದು. ಕಣ್ಣು ಜಾಡಿನ ಆಳದಿಂದ ಹೊರಟು ಚಾಟಿಯವರೆಗೆ ಏರಿದಾಗ ವೀರದ ಅಡಿಯಲ್ಲಿ ಕರುಣವು ಮಿಡಿಯುತ್ತದೆ. ಕತ್ತರಿಯ ಔಚಿತ್ಯವೂ ಆಗಲೇ ತಿಳಿಯುವುದು: ಇಕ್ಕೆಲದ ಬೀದಿಯು ಹೋದ ಮೇಲೆ ಆ ಕುದುರೆಗಳಿಗೆ ಕೆಸರಾದ ಆ ಜಾಡೊಂದೇ ದಾರಿಯಾಗಿ ಉಳಿದಿದೆ.