ಹಕ್ಕಲಾಯ್ದವಳ ಪುಸ್ತಕ

ರೂತಳ ಪುಸ್ತಕದಿಂದ ನಮ್ಮ ಸಭೆಗಳಲ್ಲಿ ಎಲ್ಲರಿಗೂ ಗೊತ್ತಿರೋದು ಒಂದೇ ಮಾತು. ಎಲ್ಲಿಗೆ ಹೋದರೂ ನಿನ್ನ ಜೊತೆ ಬಿಡೋದಿಲ್ಲ ಅನ್ನೋ ಅರ್ಥದ ಆ ಮಾತು ಮದುವೆ ಕಾರ್ಡಿನ ಮೇಲೆ ಇರುತ್ತೆ, ಕ್ಯಾಲೆಂಡರಿನಲ್ಲಿ ಇರುತ್ತೆ, ಬೆಳಗ್ಗೆ ವಾಟ್ಸಾಪ್‌ನಲ್ಲಿ ಗುಲಾಬಿ ಹೂವಿನ ಜೊತೆ ಬರುತ್ತೆ. ಆದರೆ ಅದು ಹೆಂಡತಿ ಗಂಡನಿಗೆ ಹೇಳಿದ ಮಾತಲ್ಲ. ಗಂಡ ಸತ್ತ ಸೊಸೆ, ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳಕೊಂಡ ಅತ್ತೆಗೆ, ಮೋವಾಬಿನಿಂದ ಬೇತ್ಲೆಹೇಮಿನ ಕಡೆ ಹೊರಟ ದಾರಿಯಲ್ಲಿ ಹೇಳಿದ್ದು.

ಮದುವೇಲಿ ಓದಿದರೆ ತಪ್ಪೇನು ಅಂತ ಕೇಳಬಹುದು. ತಪ್ಪಿಲ್ಲ. ಅಲ್ಲಿಗೇ ನಿಲ್ಲಿಸಿದರೆ ಪುಸ್ತಕ ಹೇಳ್ತಿರೋದು ಕೈತಪ್ಪುತ್ತೆ, ಅಷ್ಟೆ. ಬೈಬಲ್ಲಿಗೆ ಈಗಿರೋ ಅಧ್ಯಾಯ ವಿಂಗಡಣೆ ಬಂದಿದ್ದು 13ನೇ ಶತಮಾನದಲ್ಲಿ, ವಚನಗಳ ನಂಬರ್ ಬಂದಿದ್ದು 16ನೇ ಶತಮಾನದಲ್ಲಿ. ಹುಡುಕೋಕೆ ಅನುಕೂಲ ಆಗಲಿ ಅಂತ ಇಟ್ಟ ಗುರುತುಗಳು ಅವು, ಕೋಡ್ ಫೈಲಿನ ಲೈನ್ ನಂಬರ್ ಇದ್ದ ಹಾಗೆ. ಹದಿನಾರನೇ ಲೈನ್ ಮಾತ್ರ ಓದಿ ಇಡೀ ಪ್ರೋಗ್ರಾಂ ಏನು ಮಾಡುತ್ತೆ ಅಂತ ಯಾರೂ ಹೇಳಲ್ಲ. ರೂತಳ ಪುಸ್ತಕ ನಾಲ್ಕೇ ಅಧ್ಯಾಯ, 85 ವಚನ. ಒಂದು ಸಲ ಕೂತರೆ ಮುಗಿಯುತ್ತೆ.

ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯವರಿಗೆ ಇದನ್ನು ಓದೋಕೆ ದೊಡ್ಡ ವ್ಯಾಖ್ಯಾನ ಬೇಕಾಗಿಲ್ಲ. ನಮ್ಮ ಕೈಲಿರೋ ಸತ್ಯವೇದದಲ್ಲಿ ರೂತಳ ಕೆಲಸಕ್ಕೆ ಬಳಸಿರೋದು ಅಪ್ಪಟ ಹೊಲದ ಮಾತು: ಹಕ್ಕಲಾಯುವುದು. ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದ, ಉದುರಿದ ತೆನೆ ಆಯ್ಕೊಳ್ಳೋದು. ಅಲ್ಲಿ ಜವೆಗೋದಿ, ನಮ್ಮಲ್ಲಿ ರಾಗಿ. ಸುಗ್ಗಿ ಹೊತ್ತಲ್ಲಿ ಬೋವಜ ಮನೆ ಬಿಟ್ಟು ಕಣದಲ್ಲಿ ರಾಶಿ ಪಕ್ಕ ಯಾಕೆ ಮಲಗ್ತಾನೆ ಅಂತ ಕಣ ಕಾದವರ ಮನೆಯ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆದರೆ ಹಕ್ಕಲು ಅಲ್ಲಿ ಬರೀ ಧಣಿಯ ದಯೆ ಅಲ್ಲ. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಬಿದ್ದ ತೆನೆ ಆಯಬಾರದು, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಅಂತ ಯಾಜಕಕಾಂಡದ 19ನೇ ಅಧ್ಯಾಯ ಕಟ್ಟಳೆ ಮಾಡಿದೆ. ರೂತಳು ಬಡವಿ, ವಿಧವೆ, ಪರದೇಶಿ, ಮೂರೂ ಹೌದು. ಅವಳು ಮೋವಾಬಿನವಳು ಅನ್ನೋದನ್ನು ಕಥೆ ಮತ್ತೆ ಮತ್ತೆ ನೆನಪಿಸುತ್ತೆ. ಮೋವಾಬಿನವರನ್ನು ದೇವರ ಸಭೆಗೆ ಸೇರಿಸಬಾರದು ಅಂತ ಧರ್ಮೋಪದೇಶಕಾಂಡದಲ್ಲಿದೆ. ಅದೇ ಬೈಬಲ್ಲಿನಲ್ಲಿ ಈ ಮೋವಾಬಿನ ಹೆಣ್ಣು ದಾವೀದನ ತಾತನಿಗೆ ತಾಯಿ. ಮತ್ತಾಯ ಯೇಸುವಿನ ವಂಶಾವಳಿ ಬರೆಯುವಾಗ ಅವಳ ಹೆಸರು ಬಿಡಲಿಲ್ಲ.

ಇನ್ನೊಂದು ವಿಷಯ ಗಮನಿಸಿ. ಇಲ್ಲಿ ಸಮುದ್ರ ಇಬ್ಭಾಗ ಆಗಲ್ಲ, ದೇವದೂತ ಬರಲ್ಲ. ಎಲ್ಲರ ಬಾಯಲ್ಲೂ ದೇವರ ಹೆಸರಿದೆ, ಆದರೆ ಇದು ದೇವರು ಮಾಡಿದ್ದು ಅಂತ ಕಥೆಗಾರ ಹೇಳೋದು ಎರಡೇ ಕಡೆ: ಬರಗಾಲ ಕಳೆದು ಊರಿಗೆ ಅನ್ನ ಸಿಕ್ಕಾಗ, ರೂತಳಿಗೆ ಗರ್ಭ ನಿಂತಾಗ. ನಡುವಿನ ಕೆಲಸವನ್ನೆಲ್ಲ ಮನುಷ್ಯರೇ ಮಾಡಬೇಕು. ದಿನಾ ಒಂದು ವಾಗ್ದಾನ ವಾಕ್ಯ ಹುಡುಕೋರಿಗೆ ಇಲ್ಲಿ ಬೇಗ ಸಿಗೋದು ಕಡಿಮೆ.

ಪುಸ್ತಕದ ನಿಜವಾದ ಬಿಸಿ ಇರೋದು ನಾಲ್ಕನೇ ಅಧ್ಯಾಯದಲ್ಲಿ, ಪ್ರಸಂಗಗಳಲ್ಲಿ ಬೇಗ ದಾಟಿಬಿಡೋ ಅಧ್ಯಾಯದಲ್ಲಿ. ಊರ ಬಾಗಿಲಲ್ಲಿ ಹತ್ತು ಜನ ಹಿರಿಯರ ಮುಂದೆ ಜಮೀನಿನ ಪಂಚಾಯ್ತಿ. ನೊವೊಮಿಯ ಗಂಡನ ಹೊಲ ಬಿಡಿಸಿಕೊಳ್ಳುವ ಮೊದಲ ಹಕ್ಕು ಬೋವಜನಿಗಿಂತ ಹತ್ತಿರದ ಇನ್ನೊಬ್ಬ ನೆಂಟನದು. ಹೊಲ ಅಂದಕೂಡಲೇ ಆತ ಒಪ್ತಾನೆ. ಹೊಲದ ಜೊತೆ ವಿಧವೆಯ ಹೊಣೆಯೂ ಬರುತ್ತೆ ಅಂದಾಗ, ನನ್ನ ಆಸ್ತಿಗೆ ನಷ್ಟ ಅಂತ ಕೆರ ಬಿಚ್ಚಿ ಕೊಟ್ಟು ಕೈ ತೊಳಕೊಳ್ತಾನೆ. ಅವನ ಹೆಸರನ್ನು ಪುಸ್ತಕ ಹೇಳೋದೇ ಇಲ್ಲ. ತನ್ನ ಆಸ್ತಿ ಉಳಿಸಿಕೊಳ್ಳೋಕೆ ಹೋದವನ ಹೆಸರೇ ಉಳಿಯಲಿಲ್ಲ.

ಹೀಗೆ ಬಿಡಿಸಿಕೊಳ್ಳುವವನಿಗೆ ಹೀಬ್ರೂನಲ್ಲಿ ಗೋಯೇಲ್ ಅಂತಾರೆ. ಯೆಶಾಯನ ಪುಸ್ತಕದಲ್ಲಿ ದೇವರನ್ನು ವಿಮೋಚಕ ಅಂತ ಕರೆಯೋದೂ ಇದೇ ಪದದಿಂದ. ಅಂದರೆ ನಾವು ಭಾನುವಾರ ಹಾಡೋ ವಿಮೋಚನೆಗೆ ಹೊಲದ ಮಣ್ಣು ಅಂಟಿದೆ, ಅದರೊಳಗೆ ಒಬ್ಬ ವಿಧವೆಯ ಊಟದ ಪ್ರಶ್ನೆ ಇದೆ.

ಇದು ನಮ್ಮ ಜಿಲ್ಲೆಗೆ ದೂರದ ಮಾತಲ್ಲ. 2008ರಲ್ಲಿ ದೇವನಹಳ್ಳಿಗೆ ಏರ್‌ಪೋರ್ಟ್ ಬಂದ ಮೇಲೆ ಇಲ್ಲಿ ಎಲ್ಲ ಮಾತೂ ಎಕರೆ, ಗುಂಟೆಗೆ ಬಂದು ನಿಲ್ಲುತ್ತೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗಾಗಿ ರೈತರು 2022ರಿಂದ ಮೂರು ವರ್ಷಕ್ಕೂ ಮೇಲೆ ಹೋರಾಡಿದರು, 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಅದು ಎಲ್ಲರಿಗೂ ಕಾಣೋ ಜಗಳ. ಮನೆಯೊಳಗಿನದು ಬೇರೆ. ರೇಟು ಏರಿದಾಗ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಿ, ಪಾಲು ಬೇಡ ಅಂತ ಸಹಿ ಹಾಕಿಸ್ತಾರೆ. ಆ ಕಾಗದಕ್ಕೆ ಹಕ್ಕು ಬಿಡುಗಡೆ ಪತ್ರ ಅಂತ ಹೆಸರು. ಚರ್ಚಿನಲ್ಲೂ ಬಿಡುಗಡೆ, ಅಲ್ಲೂ ಬಿಡುಗಡೆ! ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ, ಉಯಿಲು ಇಲ್ಲದಾಗ ಮಗಳಿಗೂ ಮಗನಷ್ಟೇ ಪಾಲಿದೆ. ಸಹಿ ಹಾಕಿಸೋರಿಗೂ ಅದು ಗೊತ್ತು.

ಹಾಗಂತ ಈ ಪುಸ್ತಕದಲ್ಲಿ ಎಲ್ಲ ಸರಿ ಇದೆ ಅಂತಲ್ಲ. ನಾಲ್ಕನೇ ಅಧ್ಯಾಯದಲ್ಲಿ ರೂತಳಿಗೆ ಒಂದೂ ಮಾತಿಲ್ಲ. ಅವಳ ಬದುಕು ತೀರ್ಮಾನ ಆಗೋ ಪಂಚಾಯ್ತಿಯಲ್ಲಿ ಮಾತಾಡೋರೆಲ್ಲ ಗಂಡಸರು. ಹೆತ್ತವಳು ಅವಳು, ಮಗು ಹುಟ್ಟಿದ್ದು ನೊವೊಮಿಗೆ ಅಂತಾರೆ ನೆರೆಯ ಹೆಂಗಸರು. ಭಕ್ತಿಯಿಂದ ಓದೋರು ಈ ಮೌನವನ್ನು ಮುಚ್ಚಿಡಬೇಕಿಲ್ಲ. ಅಲ್ಲಿ ಸ್ವಲ್ಪ ಹೊತ್ತು ನಿಂತು ಓದಿದರೆ ನಮ್ಮ ಮನೆಗಳಲ್ಲಿ ಯಾರು ಮಾತಾಡ್ತಿಲ್ಲ ಅನ್ನೋದೂ ಗೊತ್ತಾಗುತ್ತೆ.

ಮೊದಲನೇ ಅಧ್ಯಾಯ ಮದುವೆಗೆ ಇರಲಿ ಬಿಡಿ. ಮುಂದಿನ ಸಲ ಮನೆಯಲ್ಲಿ ಜಮೀನಿನ ಮಾತು ಬಂದಾಗ ಕುಟುಂಬ ಪ್ರಾರ್ಥನೆಗೆ ನಾಲ್ಕನೇ ಅಧ್ಯಾಯ ತೆಗೀರಿ. ಸಹಿ ಹಾಕಬೇಕಾಗಿರೋ ಅಕ್ಕನೇ ಅದನ್ನು ಓದಲಿ.