ಬೆಲ್ಲ, ದೂಳು, ಕರುಳು

ಕಲ್ಲಿನ ಕ್ರಷರ್, ಸಿಮೆಂಟ್ ಗೋದಾಮು, ಹತ್ತಿಯ ಜಿನ್ನಿಂಗ್ ಮಿಲ್ಲುಗಳಂಥ ಕಡೆ ಕೆಲಸ ಮುಗಿದ ಮೇಲೆ ಒಂದು ತುಂಡು ಬೆಲ್ಲ ತಿನ್ನುವ ರೂಢಿ ಹಳೆಯದು. ಗಂಟಲಲ್ಲಿ ಕೂತ ದೂಳು ಹೊಟ್ಟೆಗಿಳಿದು ಹೋಗುತ್ತದೆ ಎಂಬುದು ನಂಬಿಕೆ. ಇದರಲ್ಲಿ ಅರ್ಧ ನಿಜವಿದೆ. ಉಸಿರಿನೊಡನೆ ಒಳಹೋದ ದಪ್ಪ ಕಣಗಳು ಶ್ವಾಸನಾಳದ ಲೋಳೆಗೆ ಅಂಟುತ್ತವೆ; ಅಲ್ಲಿನ ಸೂಕ್ಷ್ಮ ರೋಮಗಳು ಆ ಲೋಳೆಯನ್ನು ಗಂಟಲವರೆಗೆ ತಳ್ಳುತ್ತವೆ; ಗೊತ್ತಿಲ್ಲದೆಯೇ ಅದನ್ನು ನುಂಗುತ್ತೇವೆ. ಇದಕ್ಕೆ ಬೆಲ್ಲ ಬೇಕಿಲ್ಲ. ಕಲ್ಲಿನ ದೂಳಿನಲ್ಲಿ ಜೀವಕ್ಕೆ ಹೆಚ್ಚು ಕುತ್ತು ತರುವುದು ಐದು ಮೈಕ್ರಾನಿಗಿಂತ ಸಣ್ಣ ಸಿಲಿಕಾ ಕಣಗಳು. ಅವು ಗಂಟಲಲ್ಲಿ ನಿಲ್ಲದೆ ಶ್ವಾಸಕೋಶದ ಗಾಳಿಗೂಡುಗಳಿಗೇ ಇಳಿಯುತ್ತವೆ.

ಬೆಲ್ಲದ ಪರ ಮಾತನಾಡುವವರು 1994ರ ಒಂದು ಅಧ್ಯಯನ ತೋರಿಸುತ್ತಾರೆ. ಲಖನೌದ ವಿಜ್ಞಾನಿಗಳು ಇಲಿಗಳ ಶ್ವಾಸನಾಳಕ್ಕೆ ಕಲ್ಲಿದ್ದಲು ಮತ್ತು ಸಿಲಿಕಾ ದೂಳು ಬಿಟ್ಟು, ಬೆಲ್ಲ ತಿನ್ನಿಸಿ ನೋಡಿದರು. ಶ್ವಾಸಕೋಶದ ಕಲ್ಲಿದ್ದಲ ಕಣಗಳು ಪಕ್ಕದ ದುಗ್ಧಗ್ರಂಥಿಗಳಿಗೆ ಹೆಚ್ಚು ಸಾಗಿದ್ದವು. ಕೂಲಿಕಾರರ ನಂಬಿಕೆಯನ್ನು ತಳ್ಳಿಹಾಕದೆ ಪರೀಕ್ಷೆಗೊಡ್ಡಿದ ಈ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ದುಗ್ಧಗ್ರಂಥಿಯೂ ದೇಹದೊಳಗೇ ಇದೆ. ದೂಳು ಜಾಗ ಬದಲಿಸಿತೇ ಹೊರತು ಹೊರಗೆ ಹೋಗಲಿಲ್ಲ.

ಇನ್ನು ನುಂಗಿದ ದೂಳಿನ ಕಥೆ. ಅದು ಕರುಳಿಗಿಳಿದು ಅಲ್ಲಿನ ಬ್ಯಾಕ್ಟೀರಿಯಾಗಳನ್ನು ಕೆಡಿಸುತ್ತದೆಯೇ ಎಂಬುದು ಪ್ರಶ್ನೆ. ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಕೊಬ್ಬಿನಾಮ್ಲ ತಯಾರಿಸುತ್ತವೆ. ದೊಡ್ಡಕರುಳಿನ ಗೋಡೆಯ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಉರಿಯೂತವನ್ನೂ ಸಕ್ಕರೆ ಬಳಕೆಯನ್ನೂ ಹದದಲ್ಲಿಡುವುದರಲ್ಲಿ ಅದರ ಪಾಲಿದೆ. ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯಾದ ಸಿಲಿಕೋಸಿಸ್ ರೋಗಿಗಳ ಮಲದ ಬ್ಯಾಕ್ಟೀರಿಯಾ ಆರೋಗ್ಯವಂತರಿಗಿಂತ ಬೇರೆ ಎಂದು ಚೀನಾದ ಸಂಶೋಧಕರು ತೋರಿಸಿದ್ದಾರೆ. ನಂಟು ಇರಬಹುದು. ಆದರೆ ಕೆಲವೇ ಜನರ ಮಲವನ್ನು ಒಮ್ಮೆ ಪರೀಕ್ಷಿಸಿ ಕಾರಣ ಹೇಳಲಾಗದು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬೇಗ ಅಂಟುತ್ತದೆ. ಅದರ ಔಷಧಿಗಳೇ ತಿಂಗಳುಗಟ್ಟಲೆ ಕರುಳನ್ನು ಕಲಕುತ್ತವೆ. ಉಸಿರು ಸಿಗದವನ ಊಟ, ಓಡಾಟ ಎರಡೂ ಕುಗ್ಗುತ್ತವೆ. ಈ ಪ್ರಶ್ನೆಗೆ ಇಲಿಗಳ ಮೇಲಿನ ಪ್ರಯೋಗಗಳನ್ನು ನೆಚ್ಚುವುದೂ ಕಷ್ಟ: ಅವು ಮೈ ನೆಕ್ಕಿ ದೂಳು ನುಂಗುತ್ತವೆ, ಒಂದೇ ಗೂಡಿನಲ್ಲಿ ಪರಸ್ಪರರ ಹಿಕ್ಕೆ ತಿನ್ನುತ್ತವೆ.

ಇಷ್ಟರ ಮೇಲೆ ಕರುಳಿಗೆ ಒಳ್ಳೆಯ ಬ್ಯಾಕ್ಟೀರಿಯಾ ಸೇರಿಸುವ ಪ್ರೊಬಯಾಟಿಕ್ ಮಾತ್ರೆಯ ಮಾತು ಬಂದರೆ ನನಗೆ ಸಿಟ್ಟು ಬರುತ್ತದೆ. ಅದು ಬೆಲ್ಲ ಹಂಚಿ ಕೈತೊಳೆದುಕೊಳ್ಳುವ ಮಾಲೀಕನಿಗೆ ಇನ್ನೊಂದು ನೆಪ. ಕಾರಣ ತಿಳಿಯಬೇಕಾದರೆ ಹೊಸದಾಗಿ ಕೆಲಸಕ್ಕೆ ಸೇರುವವರನ್ನು ಮೊದಲ ದಿನವೇ ಪರೀಕ್ಷಿಸಿ, ವರ್ಷಗಟ್ಟಲೆ ಹಿಂಬಾಲಿಸಿ, ಪ್ರತಿಯೊಬ್ಬರ ಉಸಿರಿನ ಮಟ್ಟದಲ್ಲಿ ದೂಳು ಅಳೆಯುವ ಅಧ್ಯಯನ ಬೇಕು. ಆದರೆ ಕ್ರಷರಿನ ಬಾಯಿಗೆ ನೀರು ಚಿಮುಕಿಸಲು ಆ ಫಲಿತಾಂಶಕ್ಕೆ ಕಾಯಬೇಕಾಗಿಲ್ಲ.