ಜವಾರಿ

ಶನಿವಾರ ಸಂಜೆ ಆರು ಗಂಟೆ. ಧಾರವಾಡದ ಮಾಳಮಡ್ಡಿಯ ಹಳೇ ಹಂಚಿನ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದೆ. ಗೋಡೆಗೆ ಒರಗುವ ಜಾಗವನ್ನು ಹಿರಿಯರಿಗೆ ಬಿಟ್ಟು ಉಳಿದವರು ಮುಂದೆ ಸರಿದು ಕೂತಿದ್ದಾರೆ. ಹೊರಗೆ ಜಿಟಿಜಿಟಿ ಮಳೆ. ಒಳಗೆ ಎರಡು ಮೀರಜ್ ತಂಬೂರಿಗಳು ಶ್ರುತಿಗೆ ಬರುತ್ತಿವೆ. ಕಾಲು ಗಂಟೆ ಕಳೆಯಿತು, ಯಾರಿಗೂ ಅವಸರವಿಲ್ಲ. ರಾತ್ರಿ ರೈಲು ಹಿಡಿದು ಆ ಬೆಳಿಗ್ಗೆಯಷ್ಟೇ ಬೆಂಗಳೂರಿನಿಂದ ಬಂದಿದ್ದ ನನ್ನ ಕೈ ಮಾತ್ರ ಎರಡು ಸಲ ಮೊಬೈಲಿನ ಕಡೆ ಹೋಯಿತು. ಪಕ್ಕದಲ್ಲಿದ್ದ ಮನೆಯ ಯಜಮಾನರು ಅದನ್ನು ಕಂಡರು. ಅಪ್ಪನ ಗೆಳೆಯರಾದ ಅವರನ್ನು ನಾನು ಚಿಕ್ಕಂದಿನಿಂದ ಕಾಕಾ ಎಂದೇ ಕರೆಯುವುದು. ಮೆಲ್ಲಗೆ ಅಂದರು: "ತಂಬೂರಿ ಕೇಳವಾ. ಹಾಡು ಅಲ್ಲೇ ಸುರು ಆಗಿರ್ತದ."

ಕೇಳತೊಡಗಿದೆ. ತಂಬೂರಿಯ ಕುದುರೆಯ ಮೇಲೆ ತಂತಿ ಹಾಯುವ ಕಡೆ, ತಂತಿಯ ಕೆಳಗೆ, ಹತ್ತಿಯದೋ ರೇಷ್ಮೆಯದೋ ಒಂದು ಎಳೆ ಇರುತ್ತದೆ. ಅದು ತನ್ನ ಜಾಗದಲ್ಲಿ ಇಲ್ಲದಿದ್ದರೆ ಮೀಟಿದ ತಂತಿ ಠಣ್ ಎಂದು ಬೇಗ ಸುಮ್ಮನಾಗುತ್ತದೆ. ಎಳೆಯನ್ನು ಕೂದಲಿನಷ್ಟು ಹಿಂದೆ ಮುಂದೆ ಸರಿಸುತ್ತ ಹೋದರೆ, ಎಲ್ಲೋ ಒಂದು ಕಡೆ ನಾದ ಒಮ್ಮೆಲೇ ಅರಳಿಕೊಳ್ಳುತ್ತದೆ. ಆ ಅರಳುವಿಕೆಗೆ ಜವಾರಿ ಎನ್ನುತ್ತಾರೆ. ನಮ್ಮ ಕಡೆ ಮಂದಿ ಅದೇ ಮಾತನ್ನು ಸಂತೆಯಲ್ಲೂ ಆಡುತ್ತಾರೆ: ಜವಾರಿ ಬದನಿಕಾಯಿ, ಜವಾರಿ ಕೋಳಿ, ಜವಾರಿ ಬೀಜ. ಊರಿನದೇ ಆದದ್ದು, ಹೊರಗಿನ ಬೆರಕೆ ಇಲ್ಲದ್ದು ಎಂಬ ಅರ್ಥದಲ್ಲಿ. ಎರಡು ಬೇರೆ ಬೇರೆ ಮಾತುಗಳು ಇವು. ಆದರೆ ಈ ಶನಿವಾರ ಮತ್ತು ಭಾನುವಾರ ಅವೆರಡೂ ನನ್ನ ತಲೆಯಲ್ಲಿ ಒಂದರ ಪಕ್ಕ ಒಂದು ಕೂತೇ ಇದ್ದವು.

ಅಂದು ಹಾಡಿದವರು ಕಿರಾನಾ ಘರಾಣೆಯವರು. ರಾಗ ಯಮನ್. ಮೈಕ್ ಇಲ್ಲ. ಯಮನ್‌ಗೆ ಗಾಂಧಾರವೇ ಜೀವಸ್ವರ. ಚೆನ್ನಾಗಿ ಕೂಡಿದ ತಂಬೂರಿಯ ಖರಜದ, ಅಂದರೆ ಕೆಳಗಿನ ಷಡ್ಜದ, ತಂತಿಯಿಂದ, ಯಾರೂ ಮೀಟದ ಆ ಗಾಂಧಾರ ತಾನಾಗಿಯೇ ಕೇಳಿಸುತ್ತದೆ. ಗಾಯಕರು ಮಂದ್ರದ ನಿಷಾದದಿಂದ ಹೊರಟು, ರಿಷಭವನ್ನು ಸವರಿ, ಕೋಣೆಯಲ್ಲಿ ಆಗಲೇ ತೇಲುತ್ತಿದ್ದ ಆ ಗಾಂಧಾರಕ್ಕೆ ತಮ್ಮ ದನಿಯನ್ನು ಸೇರಿಸಿದರು. ಎಲ್ಲಿ ತಂಬೂರಿ ಮುಗಿಯಿತು, ಎಲ್ಲಿ ಕಂಠ ಶುರುವಾಯಿತು ಎಂದು ಗೆರೆ ಎಳೆಯಲು ಆಗಲಿಲ್ಲ. ಧ್ವನಿವರ್ಧಕದಲ್ಲಿ ಇದು ಸಿಗುವುದು ಕಷ್ಟ. ಕಿವಿಯೊಳಗೆ ತುರುಕಿಕೊಳ್ಳುವ ಇಯರ್‌ಫೋನ್‌ನಲ್ಲಿ ಇನ್ನೂ ಕಷ್ಟ. ಅತಿ ವಿಲಂಬಿತ ಏಕತಾಳದ 12 ಮಾತ್ರೆಗಳ ಒಂದು ಆವರ್ತನಕ್ಕೆ ಹತ್ತಿರ ಹತ್ತಿರ ಒಂದು ನಿಮಿಷ. ಆ ಒಂದು ನಿಮಿಷ ಒಂದೇ ಸ್ವರದ ಅಕ್ಕಪಕ್ಕ ಸುತ್ತಿ, ಆವರ್ತನದ ಮೊದಲ ಮಾತ್ರೆಯಾದ ಸಮ್‌ಗೆ ಬಂದು ಇಳಿದಾಗ ಅರವತ್ತು ತಲೆಗಳು ಒಟ್ಟಿಗೆ ಅಲ್ಲಾಡಿದವು. ಯಾರೋ "ಆಹಾ" ಅಂದರು. ಅಷ್ಟೇ.

ಧಾರವಾಡಕ್ಕೆ ಸಂಗೀತ ಹೇಗೆ ಒಲಿಯಿತು ಎಂದು ಬೆಂಗಳೂರಿನ ಗೆಳೆಯರು ಕೇಳಿದರೆ ನಾನೂ ಎಲ್ಲರಂತೆ "ಮಣ್ಣಿನ ಗುಣ" ಎಂದು ಹೇಳುತ್ತಿದ್ದೆ. ಈಗ ಹಾಗೆ ಹೇಳಲು ಮನಸ್ಸಾಗುವುದಿಲ್ಲ. ನೋಡಿದರೆ ಎಲ್ಲವೂ ಹೊರಗಿನಿಂದ ಬಂದದ್ದು. ಕಿರಾನಾ ಎನ್ನುವುದು ಉತ್ತರ ಪ್ರದೇಶದ ಕೈರಾನಾ ಎಂಬ ಊರಿನ ಹೆಸರು. ಅಲ್ಲಿ ಹುಟ್ಟಿದ ಅಬ್ದುಲ್ ಕರೀಂ ಖಾನರು ಮೀರಜಿನಲ್ಲಿ ನೆಲೆಸಿ, ಮೈಸೂರು ಆಸ್ಥಾನಕ್ಕೆ ಹೋಗಿಬರುವ ದಾರಿಯಲ್ಲಿ ನಮ್ಮ ಸೀಮೆಯಲ್ಲಿ ಇಳಿದರು, ಉಳಿದರು, ಕಲಿಸಿದರು. ಕುಂದಗೋಳದ ರಾಮಭಾವು ಅವರಿಂದ ಕಲಿತು ಸವಾಯಿ ಗಂಧರ್ವರಾದರು. ಬೀನಕಾರ ಬಂದೇ ಅಲಿ ಖಾನರ ಶಿಷ್ಯ ರಹಿಮತ್ ಖಾನರು ಧಾರವಾಡಕ್ಕೆ ಬಂದು ಸಿತಾರನ್ನು ನೆಟ್ಟರು. ಜಯಪುರ-ಅತ್ರೌಲಿ ಗಾಯನಶೈಲಿ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರ ಮೂಲಕ ಮಲ್ಲಿಕಾರ್ಜುನ ಮನಸೂರರ ಕಂಠಕ್ಕೆ ಇಳಿಯಿತು. ಗದಗಿನ ಹುಡುಗ ಭೀಮಸೇನ ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ರೈಲು ಹತ್ತಿದ. ಉತ್ತರವೆಲ್ಲ ಅಲೆದು, ಕೊನೆಗೆ ಗುರುವಾಗಿ ಸವಾಯಿ ಗಂಧರ್ವರು ಸಿಕ್ಕಿದ್ದು ಕುಂದಗೋಳದಲ್ಲಿ. ಅದೇ ಗುರುವಿನ ಬಳಿಗೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು.

ರಾಗ ಬಂದದ್ದು ಹೊರಗಿನಿಂದ, ಬಂದಿಶುಗಳ ಭಾಷೆ ಬ್ರಜ್. ಹಾಗಾದರೆ ಊರಿನದು ಏನು? ಕೂತು ಕೇಳುವುದು ಊರಿನದು. ಬಂದ ಉಸ್ತಾದರಿಗೆ ವಾಡೆಯ ಬಾಗಿಲು ತೆರೆದವರು, ಅರ್ಥವಾಗದ ಭಾಷೆಯ ಸಾಲನ್ನು ಒಂದು ತಾಸು ಅಲುಗದೆ ಕೇಳಿದ ಒಕ್ಕಲಿಗರು, ಮಾಸ್ತರರು, ಕಾರಕೂನರು ಊರಿನವರು. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಆ ಕೇಳುವ ಚಟ ಅಡುಗೆಮನೆಯವರೆಗೂ ಬಂತು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಇಡೀ ರಾತ್ರಿ ಹಾಡು ನಡೆಯುತ್ತದೆ ಎಂದರೆ, ಹಾಡುವವರು ಸಿಕ್ಕರು ಎಂದಷ್ಟೇ ಅರ್ಥವಲ್ಲ. ಮಧ್ಯರಾತ್ರಿಯ ಮಾಲಕಂಸ ದಾಟಿ ನಸುಕಿನ ಲಲಿತದವರೆಗೆ ಎಚ್ಚರ ಇರುವ ಮಂದಿ ಇದ್ದಾರೆ.

ಭಾನುವಾರ ಬೆಳಿಗ್ಗೆ ಅದೇ ಪಡಸಾಲೆಯಲ್ಲಿ ಎರಡನೆಯ ಬೈಠಕ್, ಈ ಸಲ ಒಬ್ಬ ಗಾಯಕಿಯದು. ಎರಡನೇ ತಂಬೂರಿಗೆ ಕೂರಬೇಕಿದ್ದ ಹುಡುಗನಿಗೆ ಜ್ವರ. ಚಿಕ್ಕವಳಿದ್ದಾಗ ನಾಲ್ಕು ವರ್ಷ ಕಲಿತು ಬಿಟ್ಟವಳು ನಾನು ಎಂಬುದು ಕಾಕಾಗೆ ನೆನಪಿತ್ತು. "ಬಾ ತಂಗಿ, ಹಿಡಿ. ಶ್ರುತಿ ಅವರು ಮಾಡಿಕೊಡ್ತಾರ, ನೀ ಬರೇ ನುಡಿಸು." ರಾತ್ರಿಯ ಥಂಡಿಗೆ ಮರ, ಕುಂಬಳಬುರುಡೆ ಎಲ್ಲ ತೇವ ಹೀರಿ ಶ್ರುತಿ ಕದಲಿತ್ತು. ಒಂದು ಎಳೆ ಹರಿದಿತ್ತು. ಕಾಕಾರ ಹೆಂಡತಿ ಕಾಕು ಒಳಗಿನಿಂದ ಹೊಲಿಗೆಯ ದಾರದ ಉಂಡೆ ತಂದುಕೊಟ್ಟರು. ಗಾಯಕಿ ಅದರಿಂದ ಒಂದೇ ಎಳೆ ಬಿಡಿಸಿ, ತಂತಿಯ ಕೆಳಗೆ ತೂರಿಸಿ, ಕಣ್ಣು ಮುಚ್ಚಿ ಸರಿಸಿದರು. ನಾದ ಅರಳಿತು.

ಅವರದು ಜಯಪುರ ಘರಾಣೆ. ಹಾಡಿದ್ದು ಯಮನಿ ಬಿಲಾವಲ್, ಮನಸೂರರು ಬಹಳ ಪ್ರೀತಿಯಿಂದ ಹಾಡುತ್ತಿದ್ದ ರಾಗ. ಬೆಳಗಿನ ಬಿಲಾವಲಿನೊಳಗೆ ಸಂಜೆಯ ಯಮನ್ ಹೆಣೆದುಕೊಂಡಿರುತ್ತದೆ. ತೀವ್ರ ಮಧ್ಯಮ ಆಗೊಮ್ಮೆ ಈಗೊಮ್ಮೆ ಇಣುಕಿ ಹೋಗುತ್ತದೆ. ಹಿಂದಿನ ಸಂಜೆ ಅದೇ ಕೋಣೆಯಲ್ಲಿ ಒಂದು ತಾಸು ಯಮನ್ ಕೇಳಿದ್ದ ಕಿವಿಗೆ ಅದು ಮನೆಮಂದಿಯ ಮುಖದ ಹಾಗೆ ಥಟ್ಟನೆ ಗುರುತಾಯಿತು. ನಿನ್ನೆ ಒಂದೊಂದೇ ಸ್ವರವಾಗಿ ತೆರೆದುಕೊಂಡ ದಾರಿ. ಇಂದು 16 ಮಾತ್ರೆಗಳ ತೀನತಾಳದಲ್ಲಿ ಉಸಿರು ಕಟ್ಟಿಸುವ ಉದ್ದನೆಯ ಆಕಾರ, ಒಂದರ ಕೊರಳಿಗೆ ಇನ್ನೊಂದು ಸುತ್ತಿಕೊಳ್ಳುವ ತಾನುಗಳು. ಎರಡು ಘರಾಣೆಗಳ ವ್ಯತ್ಯಾಸವನ್ನು ಪುಸ್ತಕದಲ್ಲಿ ಓದಿದ್ದೆ. ಒಂದು ರಾತ್ರಿಯ ಅಂತರದಲ್ಲಿ ಕೇಳಿದ ಮೇಲೆ ತಿಳಿಯಿತು.

ತಂಬೂರಿ ನುಡಿಸುವವರಿಗೆ ಸಭೆ ಎದುರಿಗೆ ಕಾಣುತ್ತದೆ. ನಡುಬೆರಳಿಗೆ ಪಂಚಮ, ತೋರುಬೆರಳಿಗೆ ಉಳಿದ ಮೂರು ತಂತಿ. ತಬಲಾದ ಲಯಕ್ಕೆ ಸಿಕ್ಕಿಕೊಳ್ಳದೆ ಒಂದೇ ಸಮನೆ ಮೀಟುತ್ತ ನಾನು ಮುಖಗಳನ್ನು ನೋಡಿದೆ. ಗೋಡೆಯ ಸಾಲಿನಲ್ಲಿ ಸಣ್ಣವಳಿದ್ದಾಗಿನಿಂದ ಕಂಡ ಅಜ್ಜಂದಿರ ಪೈಕಿ ಮೂವರ ಜಾಗ ಖಾಲಿ. ಒಬ್ಬರು ಸಮ್ ಬರುವ ಮೊದಲೇ ಬೆರಳೆತ್ತಿ ಕಾಯುತ್ತಿದ್ದರು. ಅವರು ಹೋಗಿ ಎರಡು ವರ್ಷ. ಗಾಯಕಿ ಕಷ್ಟದ ಒಂದು ತಾನನ್ನು ಮುಗಿಸಿ ಸಮ್‌ಗೆ ಬಂದಾಗ ಆ ಮೂಲೆಯ ಕಡೆ ಒಮ್ಮೆ ನೋಡಿದಂತೆ ನನಗೆ ಅನ್ನಿಸಿತು. ಕೇಳುವವರು ಬಲ್ಲವರಿದ್ದರೆ ಹಾಡುವವರು ಸುಲಭದ ದಾರಿ ಹಿಡಿಯುವುದಿಲ್ಲ. ಹಾಗೆ ಕಾದು ಕೂರುವವರು ಕಡಿಮೆಯಾದರೆ ಊರಿನ ಸಂಗೀತ ಠಣ್ ಎಂದು ಸುಮ್ಮನಾದೀತು.

ನನ್ನ ವಯಸ್ಸಿನವರಿಗೆ, ಉದ್ಯೋಗಕ್ಕೆಂದು ಊರು ಬಿಟ್ಟವರಿಗೆ, ಈ ವಾರ ನನ್ನ ಬೇಡಿಕೆ ಸಣ್ಣದು. ನಿಮ್ಮ ಊರಿನಲ್ಲಿ ಹಾಡು ಇದ್ದಾಗ ಬನ್ನಿ. ತಂಬೂರಿ ಕೂಡುವ ಹೊತ್ತಿಗೇ ಬನ್ನಿ. ರಾಗದ ಹೆಸರು ಗೊತ್ತಿಲ್ಲದಿದ್ದರೆ ಪಕ್ಕದವರನ್ನು ಕೇಳಿ, ಸಂತೋಷದಿಂದ ಹೇಳುತ್ತಾರೆ. ಒಂದೇ ರಾಗವನ್ನು ಎರಡು ಮೂರು ಕಂಠಗಳಲ್ಲಿ ಕೇಳಿ, ಆಗ ಮುಂದಿನ ರಾಗ ತಾನೇ ಪರಿಚಯ ಹೇಳಿಕೊಳ್ಳುತ್ತದೆ. ಕೊನೆಗೆ ಹಾಡುವ ಭೈರವಿ ಮುಗಿಯುವವರೆಗೆ ಎದ್ದು ಹೋಗಬೇಡಿ.

ಭೈರವಿ ಮುಗಿದು, ಹಚ್ಚಿದ ಅವಲಕ್ಕಿ, ಚಹಾ ಆದ ಮೇಲೆ ತಂಬೂರಿಗೆ ಗವಸು ಹಾಕಲು ಕಾಕಾ ಕೂತರು. ದಾರದ ಉಂಡೆಯನ್ನು ಒಳಗೆ ಒಯ್ಯಲು ಹೊರಟ ನನ್ನನ್ನು ತಡೆದರು. "ಅದನ್ನ ಇಲ್ಲೇ ಗವಸಿನ ಕಿಸೇದಾಗ ಇಡು. ಮುಂದಿನ ತಿಂಗಳ ನೀನs ಕೂಡಸ್ಬೇಕಲ್ಲ."

ರಾತ್ರಿ ರೈಲು ಹತ್ತುವ ಮೊದಲು ಮುಂದಿನ ತಿಂಗಳ ಟಿಕೆಟ್ ತೆಗೆಸಿದೆ.